ಫುಟ್‌ಬಾಲ್: ಕರ್ನಾಟಕದ ಕಿರಿಯ ಆಟಗಾರರು ಮತ್ತು ಹಿರಿಯರ ತಂಡ

ಫುಟ್‌ಬಾಲ್‌ನಲ್ಲಿ ವಯಸ್ಸಿನ ಮಿತಿಯಿಲ್ಲದೆ ಆಡುವ, ಕ್ಲಬ್ಬಿನ ಅಥವಾ ರಾಜ್ಯದ ಮುಖ್ಯ ತಂಡಕ್ಕೆ ಹಿರಿಯರ ತಂಡ ಅಥವಾ ಸೀನಿಯರ್ ತಂಡ ಎಂದು ಹೆಸರು. ಹದಿನೈದು, ಹದಿನೇಳು, ಇಪ್ಪತ್ತೊಂದು ವರ್ಷದೊಳಗಿನವರ ತಂಡಗಳಲ್ಲಿ ಆಟಗಾರ ತನ್ನ ಓರಗೆಯವರೊಡನೆ ಮಾತ್ರ ಸೆಣಸುತ್ತಾನೆ. ಹಿರಿಯರ ತಂಡದಲ್ಲಿ ತನಗಿಂತ ಹತ್ತು ಹದಿನೈದು ವರ್ಷ ಹೆಚ್ಚು ಆಡಿದವರನ್ನು ಎದುರಿಸಬೇಕಾಗುತ್ತದೆ, ಅಲ್ಲಿನ ಸೋಲುಗೆಲುವುಗಳ ಮೇಲೆ ಕೋಚ್‌ನ ಕೆಲಸವೂ ಕ್ಲಬ್ಬಿನ ಆದಾಯವೂ ನಿಂತಿರುವುದರಿಂದ ತಪ್ಪುಗಳಿಗೆ ಸಿಗುವ ರಿಯಾಯಿತಿಯೂ ಕಡಿಮೆ. ಶಾಲಾ ಮಟ್ಟದಲ್ಲಿ ಮಿಂಚಿದವರಲ್ಲಿ ಬಹುಪಾಲು ಮಂದಿ ಆಟವನ್ನು ಬಿಟ್ಟುಬಿಡುವುದು ಹದಿನೇಳರಿಂದ ಇಪ್ಪತ್ತೊಂದರವರೆಗಿನ ಈ ದಾಟುವಿಕೆಯ ಕಾಲದಲ್ಲೇ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಈ ವಯಸ್ಸಿನವರಿಗೆ ಪ್ರತಿಭೆಯ ಕೊರತೆ ಇಲ್ಲ, ತರಬೇತಿ ಕೇಂದ್ರಗಳ ಕೊರತೆಯೂ ಮೊದಲಿನಷ್ಟಿಲ್ಲ. ಕೊರತೆ ಇರುವುದು ಪಣವಿಟ್ಟು ಆಡುವ ಪಂದ್ಯಗಳದ್ದು, ಅದರಲ್ಲೂ ಬೆಂಗಳೂರಿನ ಹೊರಗೆ.

ಮೈಸೂರಿನ ಪಶ್ಚಿಮ ಅಂಚಿನಲ್ಲಿ ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವಲ್ಲಿರುವ ಹಿನಕಲ್ ಇದಕ್ಕೆ ತಕ್ಕ ಉದಾಹರಣೆ. ಗ್ರಾಮ ಪಂಚಾಯಿತಿಯಾಗಿದ್ದು ನಂತರ ಹೂಟಗಳ್ಳಿ ನಗರಸಭೆಯ ವ್ಯಾಪ್ತಿಗೆ ಬಂದ, ಒಂದು ಕಡೆ ವಿಜಯನಗರದ ಬಡಾವಣೆಗಳು ಇನ್ನೊಂದು ಕಡೆ ಹೆಬ್ಬಾಳದ ಕೈಗಾರಿಕಾ ಪ್ರದೇಶ ಸುತ್ತುವರಿದಿರುವ ಇಂಥ ಊರಿನ ಹುಡುಗನ ಮುಂದೆ ಮೊದಮೊದಲು ಒಂದು ಸ್ಪಷ್ಟವಾದ ಏಣಿ ಇರುತ್ತದೆ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಮೈಸೂರು ವಿಭಾಗಕ್ಕೆ, ಕೊನೆಗೆ ರಾಜ್ಯಕ್ಕೆ ಏರುತ್ತವೆ. ಪದವಿಪೂರ್ವ ಕಾಲೇಜುಗಳಿಗೂ ಇಂಥದ್ದೇ ಕೂಟಗಳುಂಟು. ವರ್ಷಕ್ಕೊಮ್ಮೆ ದಸರಾ ಕ್ರೀಡಾಕೂಟ ಬರುತ್ತದೆ, ನಗರದಲ್ಲಿ ಚಾಮುಂಡಿ ವಿಹಾರ ಕ್ರೀಡಾಂಗಣವೂ ವಿಶ್ವವಿದ್ಯಾನಿಲಯದ ಮೈದಾನಗಳೂ ಇವೆ. ಆದರೆ ಈ ಕೂಟಗಳೆಲ್ಲ ಸೋತವನು ಅಂದೇ ಮನೆಗೆ ಮರಳುವ ನಾಕೌಟ್ ಮಾದರಿಯವಾದ್ದರಿಂದ ಒಬ್ಬ ಒಳ್ಳೆಯ ಆಟಗಾರನಿಗೂ ವರ್ಷದಲ್ಲಿ ಬೆರಳೆಣಿಕೆಯ ಪಂದ್ಯಗಳಷ್ಟೇ ದಕ್ಕುತ್ತವೆ. ತಿಂಗಳುಗಟ್ಟಲೆ ನಡೆದು, ಸೋತ ವಾರದ ತಪ್ಪನ್ನು ಮುಂದಿನ ವಾರ ತಿದ್ದಿಕೊಳ್ಳಲು ಎಡೆ ಕೊಡುವ ಲೀಗ್ ಪದ್ಧತಿಯ ದೊಡ್ಡ ಸ್ಪರ್ಧೆ ಎಂದರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಮತ್ತು ಅದರ ಕೆಳಗಿನ ಡಿವಿಷನ್‌ಗಳು. ಇವುಗಳ ಕೇಂದ್ರ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ. ಹಿನಕಲ್‌ನಿಂದ ಅದು ಸುಮಾರು 150 ಕಿ.ಮೀ. ದೂರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಪಯಣದ ಹೊತ್ತನ್ನು ಇಳಿಸಿದೆ, ಆದರೆ ವಾರವಿಡೀ ತಂಡದೊಡನೆ ಅಭ್ಯಾಸ ಮಾಡಬೇಕಾದವನು ಬೆಂಗಳೂರಿನಲ್ಲೇ ಕೋಣೆ ಹಿಡಿದು, ಅಲ್ಲಿಯೇ ಓದಿಗೋ ಕೆಲಸಕ್ಕೋ ಸೇರಿ ನೆಲೆಸದೆ ಬೇರೆ ದಾರಿ ಇಲ್ಲ.

ಹಳೆಯ ಹಾದಿ

ಬೆಂಗಳೂರಿನ ಫುಟ್‌ಬಾಲ್ ದಂಡು ಪ್ರದೇಶದಲ್ಲಿ, ಬ್ರಿಟಿಷ್ ಪಡೆಗಳ ಆಟವನ್ನು ನೋಡುತ್ತ ಬೆಳೆದದ್ದು. ಅಲ್ಲಿನ ಹುಡುಗರು ಸೈನಿಕರ ತಂಡಗಳ ವಿರುದ್ಧವೇ ಆಡಿ ಕಲಿತರು. ಅಂದರೆ ಕಿರಿಯರಿಗೆ ಬಲಿತ ಎದುರಾಳಿಗಳು ಮೊದಲ ದಿನದಿಂದಲೇ ಸಿಗುತ್ತಿದ್ದರು. ಈ ನೆಲೆಯಿಂದ ಎದ್ದ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು, ಅದುವರೆಗೆ ಸೇನೆಯ ತಂಡಗಳ ಸೊತ್ತಾಗಿದ್ದ ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯ ತಂಡ ಎನಿಸಿತು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಭಾರತದ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್, ಅದೇ ತಂಡದಲ್ಲಿ ಬರಿಗಾಲಿನಲ್ಲಿ ಆಡಿ ಹೆಸರಾದ ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನ ಆಟದಿಂದ ಬಂದವರು. ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಅವರೊಡನೆ ‘ಪಂಚಪಾಂಡವರು’ ಎಂದು ಬಂಗಾಳದ ಅಭಿಮಾನಿಗಳು ಕರೆದ ಮುನ್ಪಡೆಯಲ್ಲಿ ಒಬ್ಬರಾದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. ಭಾರತ ನಾಲ್ಕನೆಯ ಸ್ಥಾನ ಪಡೆದ 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದ ಕೆಂಪಯ್ಯನವರೂ ಮೈಸೂರು ರಾಜ್ಯದ ಆಟದಿಂದ ಮೇಲೆ ಬಂದವರೇ. ಅಂದಿನಿಂದಲೂ ಇಲ್ಲಿನ ಪ್ರತಿಭಾವಂತನಿಗೆ ಹಿರಿಯರ ತಂಡ ಎಂದರೆ ಬಹುಮಟ್ಟಿಗೆ ಕೋಲ್ಕತ್ತದ ತಂಡವೇ ಆಗಿತ್ತು ಎಂಬುದನ್ನು ಈ ಬದುಕುಗಳು ತೋರಿಸುತ್ತವೆ.

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲೇ ಉಳಿದವರಿಗೆ ಆಸರೆಯಾದವು ಸಾರ್ವಜನಿಕ ಉದ್ಯಮಗಳು. ಐಟಿಐ, ಎಚ್‌ಎಎಲ್ ಮೊದಲಾದ ಕಾರ್ಖಾನೆಗಳೂ ಸೇನೆಯ ಎಂಇಜಿ, ಎಎಸ್‌ಸಿಯಂಥ ಕೇಂದ್ರಗಳೂ ಎಡಿಇಯಂಥ ರಕ್ಷಣಾ ಸಂಶೋಧನಾ ಸಂಸ್ಥೆಗಳೂ ತಮ್ಮದೇ ತಂಡಗಳನ್ನು ಕಟ್ಟಿ, ಇಪ್ಪತ್ತರ ಆಸುಪಾಸಿನ ಆಟಗಾರನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಕೊಟ್ಟು ಲೀಗ್‌ನಲ್ಲಿ ಆಡಿಸುತ್ತಿದ್ದವು. ಮನೆಯವರು ಆಟಕ್ಕೆ ಒಪ್ಪಿಗೆ ಕೊಡುತ್ತಿದ್ದುದೂ ಈ ನೌಕರಿಯ ಭರವಸೆಯ ಮೇಲೆಯೇ. 1990ರ ದಶಕದ ನಂತರ ಉದ್ಯಮಗಳು ನೇಮಕಾತಿಯನ್ನು ಮೊಟಕುಗೊಳಿಸಿದಂತೆ ಈ ಹಾದಿ ಕಿರಿದಾಯಿತು. ಅದರ ಬದಲಿಗೆ ಬಂದ ವೃತ್ತಿಪರ ಒಪ್ಪಂದಗಳಲ್ಲಿ ಹಣ ಹೆಚ್ಚು, ನೆಚ್ಚಿಕೆ ಕಡಿಮೆ. ಹಳೆಯ ವ್ಯವಸ್ಥೆಯ ಆಟದ ಮಟ್ಟವನ್ನು ಹೊಗಳಲು ಹಿಂಜರಿಯುವವರೂ ಅದು ಆಟಗಾರನ ಹೊಟ್ಟೆಪಾಡನ್ನು ಕಾಪಾಡಿತೆಂಬುದನ್ನು ಅಲ್ಲಗಳೆಯಲಾರರು.

ಎರಡು ಕಾಲಗಳ ನಡುವೆ ನಿಂತ ದೊಡ್ಡ ಹೆಸರು ಕಾರ್ಲ್‌ಟನ್ ಚಾಪ್ಮನ್ ಅವರದು (1971–2020). ಬೆಂಗಳೂರಿನಲ್ಲಿ ಹುಟ್ಟಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತ ಅವರು, 1987ರಲ್ಲಿ ಜಮ್‌ಶೆಡ್‌ಪುರದಲ್ಲಿ ಆರಂಭವಾದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ 1990ರಲ್ಲಿ ಸೇರಿದರು. ಆಟಗಾರರನ್ನು ಹಾಸ್ಟೆಲ್ಲಿನಲ್ಲಿಟ್ಟು ವರ್ಷಗಟ್ಟಲೆ ತಯಾರು ಮಾಡುವ ವಸತಿ ಅಕಾಡೆಮಿ ಎಂಬ ಕಲ್ಪನೆಗೆ ಭಾರತದಲ್ಲಿ ಆಕಾರ ಕೊಟ್ಟ ಸಂಸ್ಥೆ ಅದು. 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಚಾಪ್ಮನ್ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಝವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದು ಮೊದಲ ಋತುವಿನಲ್ಲೇ ಹಿರಿಯರ ತಂಡದಲ್ಲಿ ತಮ್ಮ ಜಾಗವನ್ನು ಗಟ್ಟಿ ಮಾಡಿಕೊಂಡರು; ಜೆಸಿಟಿಯಲ್ಲಿ ಆಡಿ ಮರಳಿದ ಮೇಲೆ 2000–01ರ ರಾಷ್ಟ್ರೀಯ ಲೀಗ್ ಗೆದ್ದ ಈಸ್ಟ್ ಬೆಂಗಾಲ್‌ನ ನಾಯಕರಾಗಿದ್ದರು.

ಬೆಂಗಳೂರು ಎಫ್‌ಸಿ ಮತ್ತು ಮೀಸಲು ತಂಡ

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿದಾಗ ಕನ್ನಡ ನಾಡಿನ ಆಟಗಾರನಿಗೆ ಮನೆಯ ಹತ್ತಿರವೇ ದೇಶದ ಅಗ್ರ ಮಟ್ಟದ ಹಿರಿಯರ ತಂಡವೊಂದು ದೊರೆಯಿತು. ಕ್ಲಬ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು, 2017ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿ 2018–19ರಲ್ಲಿ ಅದನ್ನೂ ಗೆದ್ದಿತು. ಗೆಲ್ಲುವ ತಂಡದೊಳಗೆ ಕಿರಿಯರು ನುಗ್ಗುವುದು ಕಷ್ಟ. ಆದ್ದರಿಂದ ಕ್ಲಬ್ ತನ್ನ ಹಿರಿಯರ ತಂಡದ ಕೆಳಗೆ ಮೀಸಲು ತಂಡವೊಂದನ್ನು, ಅಂದರೆ ಅಕಾಡೆಮಿ ಮುಗಿಸಿದವರು ಮುಖ್ಯ ತಂಡದ ಕರೆಗೆ ಕಾಯುತ್ತ ಆಡುವ ಎರಡನೆಯ ತಂಡವನ್ನು, ಕಟ್ಟಿ ಬೆಂಗಳೂರಿನ ಸೂಪರ್ ಡಿವಿಷನ್‌ಗೆ ಇಳಿಸಿತು. ಬಳ್ಳಾರಿ ಜಿಲ್ಲೆಯಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆವರಣದಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ನೆಲೆಗೊಂಡಿತು.

ಮೀಸಲು ತಂಡದ ಬೆಲೆ ಏನೆಂಬುದನ್ನು 2021 ಮತ್ತು 2022ರ ಎರಡು ಡ್ಯುರಾಂಡ್ ಕಪ್‌ಗಳು ಸೇರಿ ಹೇಳುತ್ತವೆ. 2021ರಲ್ಲಿ ಕ್ಲಬ್ ಮೀಸಲು ತಂಡದ ಕೋಚ್ ನೌಶಾದ್ ಮೂಸಾ ಅವರ ಕೈಗೆ ಬಹುಪಾಲು ಕಿರಿಯರೇ ಇದ್ದ ತಂಡವನ್ನು ಕೊಟ್ಟು ಕೋಲ್ಕತ್ತಕ್ಕೆ ಕಳುಹಿಸಿತು. ಆ ಹುಡುಗರು ಸೆಮಿಫೈನಲ್‌ವರೆಗೆ ಹೋಗಿ ಎಫ್‌ಸಿ ಗೋವಾಕ್ಕೆ ಪೆನಾಲ್ಟಿ ಶೂಟೌಟ್‌ನಲ್ಲಷ್ಟೇ ಮಣಿದರು. ಅದೇ ಪೀಳಿಗೆಯ, ತಮಿಳುನಾಡಿನಿಂದ ಬಂದು ಮೀಸಲು ತಂಡದಲ್ಲಿ ಬೆಳೆದ ಶಿವಶಕ್ತಿ ನಾರಾಯಣನ್ 2022ರ ಸೆಪ್ಟೆಂಬರ್ 18ರಂದು ಹಿರಿಯರ ತಂಡದ ಅಂಗಿ ತೊಟ್ಟು ಡ್ಯುರಾಂಡ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಹೊಡೆದರು, ಬೆಂಗಳೂರು 2–1ರಿಂದ ಗೆದ್ದಿತು. ಅವರು 2022–23ರ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಹಿಂದಿನ ವರ್ಷ ಅದೇ ಪ್ರಶಸ್ತಿ ಇದೇ ಕ್ಲಬ್ಬಿನ, ಮಣಿಪುರದ ರೋಶನ್ ಸಿಂಗ್ ನೌರೆಮ್ ಅವರಿಗೆ ಬಂದಿತ್ತು. 2022ರಲ್ಲೇ ಆರಂಭವಾದ, ಮುಖ್ಯವಾಗಿ ಇಪ್ಪತ್ತೊಂದರೊಳಗಿನವರಿಗಾಗಿ ನಡೆಯುವ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಪ್ರಶಸ್ತಿಯನ್ನೂ ಬೆಂಗಳೂರಿನ ಕಿರಿಯರೇ ಗೆದ್ದರು.

ಈ ಹೆಸರುಗಳಲ್ಲಿ ಕನ್ನಡ ನಾಡಿನವರು ಕಡಿಮೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಣಿಪುರ, ಮಿಜೋರಾಂಗಳ ಹುಡುಗ ಹದಿನಾರಕ್ಕೆ ಬರುವಷ್ಟರಲ್ಲಿ ಊರೂರಿನ ಲೀಗ್‌ಗಳಲ್ಲಿ ದೊಡ್ಡವರೊಡನೆ ಆಡಿ ಬಂದಿರುತ್ತಾನೆ, ಆದ್ದರಿಂದ ಆಯ್ಕೆಯ ದಿನ ಅವನ ನಿರ್ಧಾರಗಳು ಚುರುಕಾಗಿರುತ್ತವೆ. ಹೀಗಿದ್ದೂ ಬೆಂಗಳೂರಿನ ಹುಡುಗರು ಬಾಗಿಲು ತೆರೆದ ನಿದರ್ಶನಗಳಿವೆ. ಲಿಯಾನ್ ಅಗಸ್ಟೀನ್ ಕ್ಲಬ್ಬಿನ ಕಿರಿಯರ ತಂಡದಿಂದ ಮುಖ್ಯ ತಂಡಕ್ಕೆ ಏರಿದರು. 2005ರಲ್ಲಿ ಹುಟ್ಟಿದ ವಿನೀತ್ ವೆಂಕಟೇಶ್ 2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಋತುವಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೋಲು ಹೊಡೆದು ತಂಡವನ್ನು 1–0ರಿಂದ ಗೆಲ್ಲಿಸಿದರು. ಬೆಂಗಳೂರಿನಲ್ಲಿ ಹುಟ್ಟಿದ ಸಂಜೀವ್ ಸ್ಟಾಲಿನ್ ಅವರದು ಇನ್ನೊಂದು ಬಗೆಯ ಹಾದಿ: ಅವರು ಚಂಡೀಗಢ ಅಕಾಡೆಮಿಯಲ್ಲಿ ಕಲಿತರು; 2017ರ ಅಕ್ಟೋಬರ್ 9ರಂದು ಹದಿನೇಳರೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಅವರು ಒದ್ದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆಕೊಟ್ಟು ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು ಹೊಡೆದರು. ಆ ತಂಡದ ಹುಡುಗರು ಚದುರಿಹೋಗದಂತೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2017ರಲ್ಲಿ ಇಂಡಿಯನ್ ಆ್ಯರೋಸ್ ಎಂಬ ತಂಡವನ್ನು ಮರುಕಟ್ಟಿ ಐ-ಲೀಗ್‌ನಲ್ಲಿ ದೊಡ್ಡವರ ಎದುರು ಆಡಿಸಿತು. ಅಲ್ಲಿ ಆಡಿದ ಸ್ಟಾಲಿನ್ ಪೋರ್ಚುಗಲ್‌ಗೆ ಹೋಗಿ ಬಂದು ಐಎಸ್‌ಎಲ್ ಕ್ಲಬ್‌ಗಳನ್ನು ಸೇರಿದರು. ಅದೇ ತಂಡದ ಸುರೇಶ್ ಸಿಂಗ್ ವಾಂಗ್‌ಜಮ್ 2019ರಲ್ಲಿ ಬೆಂಗಳೂರಿಗೆ ಬಂದು ನಡುಮೈದಾನದಲ್ಲಿ ನೆಲೆಯೂರಿದರು. ಸೋಲುಗಳು ಹೆಚ್ಚಿದ್ದರೂ ಪಂದ್ಯಗಳನ್ನು ಧಾರಾಳವಾಗಿ ಕೊಟ್ಟ ಆ ತಂಡವನ್ನು 2022ರಲ್ಲಿ ವಿಸರ್ಜಿಸಿದ್ದು ದುಡುಕಿನ ನಿರ್ಧಾರವೆಂದೇ ಹೇಳಬೇಕು.

ಯಾವ ಸ್ಥಾನದಲ್ಲಿ ಆಡುತ್ತಾನೆ ಎಂಬುದರ ಮೇಲೂ ಕಿರಿಯನ ಕಾಯುವಿಕೆ ನಿರ್ಧಾರವಾಗುತ್ತದೆ. ಗೋಲ್‌ಕೀಪರನನ್ನು ಪಂದ್ಯದ ನಡುವೆ ಬದಲಿಸುವುದು ಅಪರೂಪ. ಬೆಂಗಳೂರು ಎಫ್‌ಸಿಯಲ್ಲಿ 2017ರಿಂದ ಗುರುಪ್ರೀತ್ ಸಿಂಗ್ ಸಂಧು ಆ ಜಾಗದಲ್ಲಿ ನೆಲೆನಿಂತಮೇಲೆ ಅವರ ಹಿಂದಿನ ಎರಡನೆಯ, ಮೂರನೆಯ ಗೋಲ್‌ಕೀಪರರಿಗೆ ಸಿಕ್ಕ ಅವಕಾಶ ಅತ್ಯಲ್ಪ. ಮುನ್ಪಡೆಯಲ್ಲಿ ಸುನಿಲ್ ಛೆಟ್ರಿ ನಲವತ್ತು ತುಂಬಿದ 2024–25ರ ಋತುವಿನಲ್ಲೂ 14 ಗೋಲುಗಳೊಡನೆ ಐಎಸ್‌ಎಲ್‌ನ ಭಾರತೀಯರಲ್ಲಿ ಮೊದಲಿಗರಾಗಿದ್ದರು. ನಡುರಕ್ಷಕ ಮತ್ತು ಮುನ್ಪಡೆಯ ಸ್ಥಾನಗಳಿಗೆ ಕ್ಲಬ್‌ಗಳು ವಿದೇಶಿ ಆಟಗಾರರನ್ನೇ ನೆಚ್ಚುವುದರಿಂದ ಭಾರತೀಯ ಕಿರಿಯರು ಹೆಚ್ಚಾಗಿ ಮೈದಾನದ ಅಂಚುಗಳಲ್ಲಿ, ವಿಂಗರ್ ಅಥವಾ ಪಾರ್ಶ್ವರಕ್ಷಕರಾಗಿ, ಒಳಬರುತ್ತಾರೆ.

ರಾಜ್ಯ ತಂಡ

ಕ್ಲಬ್ಬಿನ ಬಾಗಿಲು ತೆರೆಯದವರಿಗೆ ಉಳಿದಿರುವ ಇನ್ನೊಂದು ಹಿರಿಯರ ತಂಡ ರಾಜ್ಯದ್ದು. 1941ರಲ್ಲಿ ಆರಂಭವಾದ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ಎಂಬ ಹೆಸರಿನಲ್ಲಿ ನಮ್ಮ ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತ್ತು. ಐಎಸ್‌ಎಲ್‌ನ ದೊಡ್ಡ ಹೆಸರುಗಳು ಇಂದು ಇದರಲ್ಲಿ ಆಡದಿರುವುದರಿಂದ ಇದು ಸ್ಥಳೀಯ ಲೀಗ್‌ಗಳ ಆಟಗಾರರು ದೇಶದ ಕಣ್ಣಿಗೆ ಬೀಳುವ ವೇದಿಕೆಯಾಗಿ ಮಾರ್ಪಟ್ಟಿದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ, ಭಾರತದ ಹೊರಗೆ ಮೊದಲ ಸಲ ನಡೆದ ಫೈನಲ್‌ನಲ್ಲಿ ರವಿಬಾಬು ರಾಜು ಅವರ ತರಬೇತಿಯ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿತು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ ಮತ್ತು ರಾಬಿನ್ ಯಾದವ್. ಐವತ್ನಾಲ್ಕು ವರ್ಷಗಳ ನಂತರ ಬಂದ, ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲನೆಯದಾದ ಈ ಗೆಲುವಿನ ತಂಡ ಸೂಪರ್ ಡಿವಿಷನ್‌ನ ಆಟವನ್ನೇ ಬುನಾದಿಯಾಗಿ ಹೊಂದಿತ್ತು. ಲೀಗ್ ಗಟ್ಟಿಯಾಗಿದ್ದರೆ ರಾಜ್ಯ ತಂಡ ಗಟ್ಟಿಯಾಗುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಅಂಥ ಲೀಗ್ ಮೈಸೂರು, ಮಂಗಳೂರು, ಬೆಳಗಾವಿಗಳಲ್ಲೂ ವರ್ಷದ ಆರು ತಿಂಗಳು ನಡೆದರೆ ಆಯ್ಕೆಯ ಬಲೆ ಎಷ್ಟು ಅಗಲವಾದೀತೆಂಬುದನ್ನು ಸಂಸ್ಥೆಗಳು ಮನಗಾಣಬೇಕಾಗಿದೆ.

ಆಯ್ಕೆ, ವಯಸ್ಸು, ಓದು

ಟ್ರಯಲ್ಸ್ ಎಂದು ಕರೆಯುವ ಆಯ್ಕೆ ಶಿಬಿರಗಳಲ್ಲಿ ನೂರಾರು ಹುಡುಗರು ಅರ್ಧರ್ಧ ಗಂಟೆ ಆಡಿ ತೋರಿಸಬೇಕಾಗುತ್ತದೆ. ಅಷ್ಟು ಅಲ್ಪ ಹೊತ್ತಿನಲ್ಲಿ ಎದ್ದು ಕಾಣುವುದು ಎತ್ತರ, ಓಟ ಮತ್ತು ಮೈಬಲ. ಚೆಂಡು ಬರುವ ಮುನ್ನವೇ ಸುತ್ತ ನೋಡಿ ಮುಂದಿನ ಪಾಸ್ ಯೋಚಿಸುವ ಗುಣ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಗಂಡುಮಕ್ಕಳ ಬೆಳವಣಿಗೆಯ ಜಿಗಿತ ಸರಾಸರಿ ಹದಿನಾಲ್ಕರ ಆಸುಪಾಸಿನಲ್ಲಿ ಬರುವುದಾದರೂ ಒಬ್ಬರಿಂದೊಬ್ಬರಿಗೆ ಎರಡು ಮೂರು ವರ್ಷ ಹೆಚ್ಚುಕಡಿಮೆ ಆಗುವುದರಿಂದ, ತಡವಾಗಿ ಬೆಳೆಯುವವನು ಹದಿನೈದರಲ್ಲಿ ತಿರಸ್ಕೃತನಾಗಿ ಹತ್ತೊಂಬತ್ತರಲ್ಲಿ ತನ್ನನ್ನು ಮೀರಿಸಿದವರಿಗೆ ಸರಿಸಮನಾಗಿರುವುದುಂಟು. ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುವ ಸ್ಪರ್ಧೆಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುವುದನ್ನು ಅನೇಕ ದೇಶಗಳ ಅಧ್ಯಯನಗಳು ಕಂಡಿವೆ. ಇದನ್ನು ಸಾಪೇಕ್ಷ ವಯಸ್ಸಿನ ಪರಿಣಾಮ ಎನ್ನುತ್ತಾರೆ. ಇದರ ಜೊತೆಗೆ ಸುಳ್ಳು ಜನನ ಪ್ರಮಾಣಪತ್ರದ ಪಿಡುಗು ಬೇರೆ. ಅದನ್ನು ತಡೆಯಲು ಎಡಗೈ ಮಣಿಕಟ್ಟಿನ ಎಕ್ಸ್-ರೇ ನೋಡಿ ಮೂಳೆಯ ಬಲಿತವನ್ನು ಅಳೆಯುವ ಟ್ಯಾನರ್–ವೈಟ್‌ಹೌಸ್ ಪದ್ಧತಿ ಭಾರತದಲ್ಲಿ ಬಳಕೆಯಲ್ಲಿದೆ. ಫಿಫಾ 2009ರಿಂದ ಹದಿನೇಳರೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ತಂದಿದೆ.

ಓದಿನ ಒತ್ತಡವೂ ಇದೇ ವಯಸ್ಸಿಗೆ ಬಂದು ಕೂರುತ್ತದೆ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಗಳ ಎರಡು ವರ್ಷ ಮನೆಯವರು ಮೈದಾನಕ್ಕೆ ಕಳುಹಿಸಲು ಹಿಂಜರಿಯುತ್ತಾರೆ, ಮತ್ತು ಆ ಹಿಂಜರಿಕೆಯನ್ನು ದೂರುವುದು ಅನ್ಯಾಯ, ಏಕೆಂದರೆ ಹಿರಿಯರ ತಂಡ ಸೇರಿದವನ ಬದುಕೂ ಭದ್ರವಲ್ಲ. ಐಎಸ್‌ಎಲ್‌ನ ಭವಿಷ್ಯವೇ ಅನಿಶ್ಚಿತವಾದ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಬೇಕಾಯಿತು. ಕಿರಿಯರ ತಂಡಗಳಿಗೆ ಅದು ಅನ್ವಯಿಸಲಿಲ್ಲ.

ಹೆಣ್ಣುಮಕ್ಕಳ ಹಾದಿಯಲ್ಲಿ ಮೆಟ್ಟಿಲುಗಳೇ ಕಡಿಮೆ, ಆದ್ದರಿಂದ ಶಾಲಾ ತಂಡದಿಂದ ನೇರವಾಗಿ ಹಿರಿಯರ ತಂಡಕ್ಕೆ ಜಿಗಿಯಬೇಕಾದ ಪ್ರಸಂಗಗಳು ಹೆಚ್ಚು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿ ಗೋಕುಲಂ ಕೇರಳಕ್ಕೆ ಸೋತಿತಾದರೂ, ರಾಜ್ಯದಲ್ಲಿ ಹೆಣ್ಣುಮಕ್ಕಳಿಗೂ ಒಂದು ಎತ್ತರದ ಗುರಿಯನ್ನು ಕಟ್ಟಿಕೊಟ್ಟಿತು.

ನಿಯಮಗಳು ಮತ್ತು ಹಣ

ಕಿರಿಯರಿಗೆ ಎಡೆ ಮಾಡಿಕೊಡುವ ಕೆಲಸವನ್ನು ಕೋಚ್‌ಗಳ ಔದಾರ್ಯಕ್ಕಿಂತ ಹೆಚ್ಚಾಗಿ ನಿಯಮಗಳು ಮಾಡಿವೆ. 2014ರಲ್ಲಿ ಐಎಸ್‌ಎಲ್ ಆರಂಭವಾದಾಗ ಮೈದಾನದಲ್ಲಿ ಕನಿಷ್ಠ ಐವರು ಭಾರತೀಯರಿದ್ದರೆ ಸಾಕಿತ್ತು. 2017–18ರಲ್ಲಿ ಅದು ಆರಕ್ಕೆ, 2021–22ರಲ್ಲಿ ಏಳಕ್ಕೆ ಏರಿತು, ಜೊತೆಗೆ ಪ್ರತಿ ಕ್ಲಬ್ಬಿನ ಪಟ್ಟಿಯಲ್ಲಿ ಕನಿಷ್ಠ ನಾಲ್ವರು ಕಿರಿಯ ‘ಡೆವಲಪ್‌ಮೆಂಟ್’ ಆಟಗಾರರು, ಪಂದ್ಯದ ದಿನದ ತಂಡದಲ್ಲಿ ಇಬ್ಬರು ಇರಬೇಕೆಂಬ ಕಟ್ಟಳೆ ಬಂತು. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ತಾತ್ಕಾಲಿಕವಾಗಿ ಜಾರಿಗೆ ಬಂದು 2022ರಲ್ಲಿ ಕಾಯಂ ಆದ ಐದು ಬದಲಾವಣೆಗಳ ನಿಯಮ ಇನ್ನೂ ಹೆಚ್ಚು ಫಲ ಕೊಟ್ಟಿದೆ: ಮೂವರನ್ನು ಮಾತ್ರ ಬದಲಿಸಬಹುದಾಗಿದ್ದಾಗ ಕೋಚ್ ಅನುಭವಿಗಳನ್ನೇ ಕರೆಯುತ್ತಿದ್ದ, ಐವರಾದ ಮೇಲೆ ಕೊನೆಯ ಇಪ್ಪತ್ತು ನಿಮಿಷಕ್ಕೆ ಹದಿನೆಂಟರ ಹುಡುಗನೊಬ್ಬನನ್ನು ಇಳಿಸುವ ಧೈರ್ಯ ಬಂದಿದೆ.

ಆಟಗಾರನನ್ನು ಬೆಳೆಸಿದ ಸಣ್ಣ ಕ್ಲಬ್ಬಿಗೂ ಫಲ ಸಿಗಬೇಕೆಂದು ಫಿಫಾ ಎರಡು ವ್ಯವಸ್ಥೆಗಳನ್ನು ಮಾಡಿದೆ. ತರಬೇತಿ ಪರಿಹಾರ ಎಂಬ ಮೊದಲನೆಯದು ಆಟಗಾರ ಮೊದಲ ಬಾರಿಗೆ ಬೇರೆ ದೇಶದ ಕ್ಲಬ್ಬಿನಲ್ಲಿ ವೃತ್ತಿಪರನಾಗಿ ನೋಂದಣಿಯಾದಾಗಲೂ, ಇಪ್ಪತ್ತಮೂರನೆಯ ವರ್ಷದವರೆಗೆ ದೇಶದೇಶಗಳ ನಡುವೆ ವರ್ಗಾವಣೆಯಾದಾಗಲೂ ಸಲ್ಲುತ್ತದೆ. ಐಕಮತ್ಯ ಪಾಲು ಎನ್ನಬಹುದಾದ ಎರಡನೆಯದರಲ್ಲಿ ಅಂತರರಾಷ್ಟ್ರೀಯ ವರ್ಗಾವಣೆಯ ಮೊತ್ತದ ಶೇ. 5 ಭಾಗವನ್ನು ಆಟಗಾರನಿಗೆ ಹನ್ನೆರಡರಿಂದ ಇಪ್ಪತ್ತಮೂರರವರೆಗೆ ಕಲಿಸಿದ ಕ್ಲಬ್‌ಗಳಿಗೆ ಹಂಚಲಾಗುತ್ತದೆ. ಹದಿನೈದು ವರ್ಷದವರೆಗಿನ ಪ್ರತಿ ವರ್ಷಕ್ಕೆ ಒಟ್ಟು ಮೊತ್ತದ ಶೇ. 0.25, ಹದಿನಾರರಿಂದ ಮುಂದಿನ ಪ್ರತಿ ವರ್ಷಕ್ಕೆ ಶೇ. 0.5 ಎಂಬುದು ಲೆಕ್ಕ; ಅಂದರೆ ಒಂದು ಕೋಟಿ ರೂಪಾಯಿಯ ವರ್ಗಾವಣೆಯಲ್ಲಿ ಹುಡುಗನನ್ನು ಹನ್ನೆರಡರಿಂದ ಹದಿನೈದರವರೆಗೆ ನಾಲ್ಕು ವರ್ಷ ಆಡಿಸಿದ ಊರಿನ ಕ್ಲಬ್ಬಿಗೆ ಒಂದು ಲಕ್ಷ ರೂಪಾಯಿ ಬರಬೇಕು. ಮೈದಾನದ ಬಾಡಿಗೆಗೂ ಚೆಂಡುಗಳಿಗೂ ಪರದಾಡುವ ತಂಡಕ್ಕೆ ಅದು ಒಂದು ಇಡೀ ಋತುವಿನ ಉಸಿರು. ಆದರೆ ಈ ಹಣವನ್ನು ಹಂಚುವುದು ಆಟಗಾರನ ಪಾಸ್‌ಪೋರ್ಟ್ ಎಂಬ ದಾಖಲೆಯನ್ನು, ಅಂದರೆ ಹನ್ನೆರಡನೆಯ ವರ್ಷದಿಂದ ಅವನು ನೋಂದಣಿಯಾಗಿದ್ದ ಕ್ಲಬ್‌ಗಳ ಪಟ್ಟಿಯನ್ನು, ಆಧರಿಸಿ. ಸಂಜೆಯ ಹೊತ್ತು ಬಡಾವಣೆಯ ಮೈದಾನದಲ್ಲಿ ಕಲಿಸುವ, ರಾಜ್ಯ ಸಂಸ್ಥೆಯಲ್ಲೂ ಫೆಡರೇಷನ್ನಿನ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲೂ ಹೆಸರಿಲ್ಲದ ತಂಡಗಳು ಆ ಪಟ್ಟಿಯಲ್ಲಿ ಸೇರುವುದಿಲ್ಲ. ದೇಶದೊಳಗಿನ ವರ್ಗಾವಣೆಗಳಲ್ಲಂತೂ ಅವುಗಳ ಪಾಲನ್ನು ಕೇಳುವ ಹಕ್ಕು ಫಿಫಾದ ಈ ನಿಯಮಗಳಿಂದಲ್ಲ, ರಾಷ್ಟ್ರೀಯ ಫೆಡರೇಷನ್ನಿನ ನಿಯಮಗಳಿಂದಲೇ ಬರಬೇಕಾಗುತ್ತದೆ.